ಬೋರಿನ ಮಗ್ಗುಲ ಮಣ್ಣು: ತಡವಾಗಿ ಕಲಿತ ಒಂದು ಪಾಠ

ನಮ್ಮ ಬೋರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಹುಣಸೆಮರ ಇದೆ. ಅದರ ಬುಡದಲ್ಲಿ ಎರಡು ಮಳೆಗಾಲ ಹುಲ್ಲು ಹುಟ್ಟಲಿಲ್ಲ. ಬದುವಿನ ಮೇಲೆಲ್ಲ ಗರಿಕೆ ಚಿಗುರಿದರೂ ಅಲ್ಲಿ ಮಾತ್ರ ನೆಲ ಬೋಳು. ಹೊಲದಲ್ಲಿ ಒಂದು ಸಾಲು ಕಡಲೆಕಾಯಿ ಹಳದಿಯಾದರೆ ಓಡಿಹೋಗಿ ನೋಡುವ ನಾನು, ಇದನ್ನು ಕಂಡೂ ಕಾಣದ ಹಾಗೆ ಇದ್ದೆ. ಅದಕ್ಕೆ ಬೆಲೆ ತೆತ್ತದ್ದು ನನ್ನ ಮೊಮ್ಮಗಳು. ಬೇರೆಯವರು ತೆರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ತಿಳಿದವರನ್ನು ಕೇಳಿ ಕೇಳಿ ಕಲಿತದ್ದು ಇದು.

ಪಾವಗಡ ತಾಲ್ಲೂಕಿನ ತಿರುಮಣಿ ಎಂದರೆ ಈಗ ಎಲ್ಲರಿಗೂ ಸೋಲಾರ್ ನೆನಪಾಗುತ್ತದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ ತಯಾರಾಗುತ್ತದೆ. ಮೊದಲ ಹಂತ 2018ರಲ್ಲಿ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದೇವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾದ ಗುತ್ತಿಗೆ. ನಾನೂ ನಾಲ್ಕು ಎಕರೆ ಕೊಟ್ಟೆ. ಬೋರು ಇರುವ ಮೂರು ಎಕರೆ ಇಟ್ಟುಕೊಂಡು ಕಡಲೆಕಾಯಿ, ತೊಗರಿ, ರಾಗಿ ಮಾಡುತ್ತೇನೆ. ಬೇಸಿಗೆಯಲ್ಲಿ ಊರ ಬೋರು ಕೈಕೊಟ್ಟಾಗ ನಮ್ಮ ಬೋರಿನಿಂದಲೇ ನಮ್ಮ ಕೇರಿಯ ಮನೆಗಳಿಗೆ ನೀರು ಹೋಗುತ್ತದೆ. ಆದ್ದರಿಂದ ಅದು ನನ್ನೊಬ್ಬನ ಬೋರಲ್ಲ.

ಹುಣಸೆಮರದ ಕೆಳಗೆ ನಡೆದದ್ದು

ಜಮೀನಿದ್ದವರಿಗೆ ಗುತ್ತಿಗೆ ದುಡ್ಡು ಬಂತು. ಜಮೀನಿಲ್ಲದವರಿಗೆ ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ನನ್ನ ಬಾಮೈದನಿಗೂ ಹಾಗೇ ಆಯಿತು. ಒಂದು ದಿನ ಬಂದು, "ಭಾವ, ಹಳೇ ಬ್ಯಾಟರಿ ತಂದು ಸೀಸ ತೆಗೆದು ಮಾರ್ತೀನಿ. ನಿಮ್ಮ ಹುಣಸೆಮರದ ನೆಳ್ಳಲ್ಲಿ ಕುಂತ್ಕೊಳ್ಳಲಾ?" ಅಂದ. ಮನೆಯವಳ ತಮ್ಮ, ಎರಡು ಮಕ್ಕಳ ತಂದೆ. ಬೇಡ ಅನ್ನಲು ಬಾಯಿ ಬರಲಿಲ್ಲ. ನನ್ನ ಟ್ರ್ಯಾಕ್ಟರಿನ ಎರಡು ಸತ್ತ ಬ್ಯಾಟರಿಯನ್ನೂ ಅವನಿಗೇ ಕೊಟ್ಟೆ.

ಅವನು ಬ್ಯಾಟರಿಯನ್ನು ಕೊಡಲಿಯಿಂದ ಒಡೆದು, ಒಳಗಿನ ಆಸಿಡ್ ನೆಲಕ್ಕೆ ಚೆಲ್ಲಿ, ಪ್ಲೇಟುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿ ಸೀಸದ ಗಟ್ಟಿ ಎರೆಯುತ್ತಿದ್ದ. ಬೂದಿ, ಬೂದುಬಣ್ಣದ ಪುಡಿ, ಪ್ಲಾಸ್ಟಿಕ್ ಚೂರು ಅಲ್ಲೇ ಬೀಳುತ್ತಿತ್ತು. ಎರಡು ವರ್ಷ ಇದು ನಡೆಯಿತು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಬೋರಿಗೆ ನೀರಿಂಗಿಸಬೇಕೆಂದು ಕೇಸಿಂಗ್ ಪೈಪಿನ ಸುತ್ತ ಗುಂಡಿ ತೋಡಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ, ಮಳೆನೀರು ಅಲ್ಲಿಗೆ ಬರುವಂತೆ ಕಾಲುವೆ ಮಾಡಿದ್ದೆ. ಒಳ್ಳೆಯ ಕೆಲಸವೇ. ಆದರೆ ಆ ಕಾಲುವೆ ಎಲ್ಲಿಂದ ನೀರು ತರುತ್ತಿತ್ತು? ಹುಣಸೆಮರದ ಕೆಳಗಿನಿಂದ.

ಮೊಮ್ಮಗಳಿಗೆ ಐದು ವರ್ಷ. ಆ ಮರದ ಕೆಳಗೆ ಬಿದ್ದ ಹಣ್ಣು ಆಯ್ದು ತಿನ್ನುವುದೇ ಅವಳ ಆಟ. ಆಗಾಗ ಹೊಟ್ಟೆನೋವು ಅನ್ನುತ್ತಿದ್ದಳು. ಮುಖ ಬಿಳಿಚಿಕೊಂಡಿತು, ಊಟ ಸೇರದು. ಜಂತುಹುಳಕ್ಕೆ ಔಷಧಿ ಕೊಟ್ಟಾಯಿತು, ರಕ್ತ ಕಮ್ಮಿ ಎಂದು ಟಾನಿಕ್ಕೂ ಆಯಿತು. ಕೊನೆಗೆ ಒಬ್ಬ ಡಾಕ್ಟರು, "ಯಜಮಾನ್ರೇ, ಮನೆ ಹತ್ರ ಬ್ಯಾಟರಿ ಕೆಲಸ, ಬಣ್ಣದ ಕೆಲಸ ಏನಾದ್ರೂ ನಡೀತದಾ?" ಎಂದು ಕೇಳಿದರು. ನನ್ನ ಎದೆ ಧಸಕ್ಕೆಂದಿತು. ರಕ್ತವನ್ನು ಬೆಂಗಳೂರಿಗೆ ಕಳಿಸಿದರೆ, ಸೀಸ ಇರಬಾರದಷ್ಟು ಇದೆ ಎಂದು ಬಂತು.

ಸೀಸ ಏನು ಮಾಡುತ್ತದೆ?

ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್, ಇವನ್ನು ಭಾರಲೋಹ ಎಂದು ಒಂದೇ ಗುಂಪಿಗೆ ಸೇರಿಸುತ್ತಾರೆ. ಸತು, ತಾಮ್ರ, ಕಬ್ಬಿಣ ನಮ್ಮ ಬೆಳೆಗೂ ಮೈಗೂ ಸ್ವಲ್ಪ ಬೇಕು. ಸೀಸ ಮಾತ್ರ ಒಂದು ಕಣವೂ ಬೇಡ. ಮೈಗೆ ಅದು ಸುಣ್ಣದ ಹಾಗೆ ಕಾಣುತ್ತದೆ, ಹಾಗಾಗಿ ಮೂಳೆಯೊಳಗೆ ಸೇರಿಸಿಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುತ್ತದೆ. ರಕ್ತ ಆಗುವುದನ್ನು ತಡೆಯುತ್ತದೆ. ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಹೀಗೆ ಹೋದ ಬುದ್ಧಿ ತಿರುಗಿ ಪೂರ್ತಿ ಬರುವುದಿಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಇದ್ದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಬಹಳ ಹೆಚ್ಚು ಹೀರುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಮ್ಮಿಯಿರುವ ಮಗುವಾದರೆ ಇನ್ನೂ ಹೆಚ್ಚು.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಆಫ್ರಿಕಾದ ಸೆನೆಗಲ್ ದೇಶದಲ್ಲಿ ಡಕಾರ್ ಪಟ್ಟಣದ ಪಕ್ಕ ತಿಯಾರೋಯ್ ಎನ್ನುವ ಊರಿದೆ. ಅಲ್ಲೂ ಬಡವರು ಹಳೆ ಬ್ಯಾಟರಿ ಒಡೆದು, ಆ ಮಣ್ಣನ್ನೇ ಜರಡಿ ಹಿಡಿದು ಸೀಸ ಆಯ್ದು ಮಾರುತ್ತಿದ್ದರು. 2007ರ ನವೆಂಬರಿಂದ 2008ರ ಮಾರ್ಚಿಯೊಳಗೆ 18 ಮಕ್ಕಳು ಸತ್ತರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏಳನೇ ಕ್ಲಾಸಿನ ಲೆಕ್ಕ

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಒಂದು ಲೀಟರಿಗೆ ಇಷ್ಟಕ್ಕಿಂತ ಹೆಚ್ಚು ಇರಬಾರದು ಎಂದಿದೆ:

ಸೀಸ – 0.01 ಮಿಲಿಗ್ರಾಂ
ಆರ್ಸೆನಿಕ್ – 0.01 ಮಿಲಿಗ್ರಾಂ
ಕ್ಯಾಡ್ಮಿಯಂ – 0.003 ಮಿಲಿಗ್ರಾಂ
ಪಾದರಸ – 0.001 ಮಿಲಿಗ್ರಾಂ

ಒಂದು ಗ್ರಾಂ ಎಂದರೆ 1,000 ಮಿಲಿಗ್ರಾಂ. ಅದನ್ನು 0.01ರಿಂದ ಭಾಗಿಸಿ. ಒಂದು ಲಕ್ಷ ಬರುತ್ತದೆ. ಅಂದರೆ ಒಂದೇ ಒಂದು ಗ್ರಾಂ ಸೀಸ ಪೂರ್ತಿ ಕರಗಿದರೆ ಒಂದು ಲಕ್ಷ ಲೀಟರು ನೀರನ್ನು ಮಿತಿಯ ಅಂಚಿಗೆ ತರುತ್ತದೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಒಂದು ಬ್ಯಾಟರಿ ಒಡೆಯುವಾಗ ನೆಲಕ್ಕೆ ಎಷ್ಟು ಗ್ರಾಂ ಉದುರುತ್ತದೆ ಎಂದು ನೀವೇ ಅಂದಾಜು ಮಾಡಿ.

ನೆಲಕ್ಕೆ ಬಿದ್ದದ್ದೆಲ್ಲ ನೀರಿಗೆ ಹೋಗುತ್ತದೆಯೇ? ಇಲ್ಲ. ಇಲ್ಲೇ ಮಣ್ಣಿನ ದೊಡ್ಡತನ ಇರುವುದು. ಸೀಸ ಸುಲಭವಾಗಿ ಕರಗುವ ಲೋಹ ಅಲ್ಲ. ಜೇಡಿ ಕಣ, ಗೊಬ್ಬರದ ಅಂಶ ಇವು ಅದನ್ನು ಅಂಟಿನಂತೆ ಹಿಡಿದುಕೊಳ್ಳುತ್ತವೆ. ಮೇಲಿನ ಅರ್ಧ ಅಡಿ ಮಣ್ಣಲ್ಲೇ ಬಹುಪಾಲು ನಿಂತುಬಿಡುತ್ತದೆ. ಆದರೆ ಮೂರು ಕಡೆ ಮಣ್ಣು ಸೋಲುತ್ತದೆ.

ಒಂದು, ಹುಳಿ. ಬ್ಯಾಟರಿಯ ಆಸಿಡ್ ಚೆಲ್ಲಿದ ಕಡೆ ಮಣ್ಣಿನ ಹಿಡಿತ ಸಡಿಲವಾಗಿ ಲೋಹ ಕೆಳಗಿಳಿಯುತ್ತದೆ.

ಎರಡು, ನಮ್ಮಂಥ ಕೆಂಪು ಮರಳು ಮಣ್ಣು. ಜೇಡಿಯೂ ಕಮ್ಮಿ, ಗೊಬ್ಬರದ ಅಂಶವೂ ಕಮ್ಮಿ. ಹಿಡಿಯುವ ಕೈಯೇ ಚಿಕ್ಕದು.

ಮೂರು, ಅಡ್ಡದಾರಿ. ಕೇಸಿಂಗ್ ಪೈಪಿನ ಹೊರಗಿನ ಸಂದು, ಮುಚ್ಚದೆ ಬಿಟ್ಟ ಫೇಲಾದ ಬೋರು, ಜಲ್ಲಿ ತುಂಬಿದ ಇಂಗುಗುಂಡಿ. ಇಲ್ಲೆಲ್ಲ ನೀರು ಮಣ್ಣನ್ನು ಸೋಸಿಕೊಂಡು ಇಳಿಯುವುದಿಲ್ಲ, ನೇರ ಬಂಡೆಯ ಬಿರುಕಿಗೆ ಇಳಿಯುತ್ತದೆ. ನಮ್ಮ ತಾಲ್ಲೂಕಿನಲ್ಲಿ ಫೇಲಾದ ಬೋರಿಗೆ ಬರವೇ? ಒಂದೊಂದೂ ಪಾತಾಳಕ್ಕೆ ಇಟ್ಟ ಆಲಿಕೆ ಎಂದು ತಿಳಿಯಿರಿ.

ನನ್ನ ಬೋರಿನಲ್ಲಿ ಈ ಮೂರೂ ಒಟ್ಟಿಗೆ ಸೇರಿದ್ದವು.

ಕಿರದಳ್ಳಿ ತಾಂಡಾ ಹೇಳುವ ಪಾಠ

ಮಣ್ಣು ಕೆಟ್ಟರೆ ಕುಡಿಯುವ ನೀರಿನ ಊರೇ ಹೇಗೆ ಕೆಡುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಕಡೆ ಕಿರದಳ್ಳಿ ತಾಂಡಾ ಇದೆ. ಹತ್ತಿರದಲ್ಲೇ ಹಿಂದೆ ಚಿನ್ನದ ಗಣಿ ನಡೆಯುತ್ತಿದ್ದ ಮಂಗಳೂರು ಎಂಬ ಊರು (ಕರಾವಳಿಯ ಮಂಗಳೂರಲ್ಲ). ಚಿನ್ನದ ಅದಿರಿನ ಕಲ್ಲಿನಲ್ಲಿ ಆರ್ಸೆನಿಕ್ ಇರುತ್ತದೆ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯಲ್ಲಿ ಆ ವಿಷವೂ ಉಳಿಯುತ್ತದೆ.

2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಪ್ರದೇಶದ 59 ಕೊಳವೆಬಾವಿಗಳ ನೀರು ನೋಡಿದ್ದಾರೆ. ನೂರಕ್ಕೆ 79ರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಒಂದರಲ್ಲಂತೂ ಮಿತಿಯ ಮೂವತ್ತು ಪಟ್ಟು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋ ಮಣ್ಣಿಗೆ 2,000 ಮಿಲಿಗ್ರಾಮಿಗಿಂತ ಹೆಚ್ಚು, ಅಂದರೆ ಕಿಲೋಗೆ ಎರಡು ಗ್ರಾಂ ದಾಟಿತ್ತು. ಪರೀಕ್ಷೆ ಮಾಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತು ಮೂಡಿತ್ತು. ಮುಖ್ಯವಾಗಿ ನೀರಿನಿಂದ ಬಂದಿರಬೇಕು, ಮನೆಯ ಸುತ್ತಲ ಮಣ್ಣಿನಿಂದಲೂ ಬಂದಿರಬಹುದು ಎಂದು ಅಧ್ಯಯನ ಮಾಡಿದವರು ಹೇಳಿದ್ದಾರೆ.

ಇಲ್ಲಿ ನಾವು ತಿಳಿಯಬೇಕಾದ್ದು ಇಷ್ಟು. ಆ ನೀರು ತಿಳಿಯಾಗಿಯೇ ಇರುತ್ತದೆ. ರುಚಿ ಕೆಡುವುದಿಲ್ಲ, ವಾಸನೆ ಬರುವುದಿಲ್ಲ. ಕಣ್ಣು, ನಾಲಿಗೆ ನಂಬಿ ಕೂತರೆ ಕೆಟ್ಟೆವು.

ಪ್ಯಾನಲ್ಲಿನ ಭಯ ಮತ್ತು ನಿಜ

ನನ್ನ ಬೋರಿನ ಸುದ್ದಿ ಹಬ್ಬಿದಾಗ ಊರಲ್ಲಿ ಎಲ್ಲರೂ, "ಸೋಲಾರ್ ಪ್ಯಾನಲ್ಲಿಂದ ವಿಷ ಇಳೀತಿದೆ" ಅಂದರು. ನನ್ನ ತಪ್ಪು ಮುಚ್ಚಿಕೊಳ್ಳಲು ನನಗೂ ಅದು ಅನುಕೂಲವಾಗಿತ್ತು. ಆದರೆ ನಿಜ ಹೇಳಬೇಕು. ಸಾಮಾನ್ಯ ಸಿಲಿಕಾನ್ ಪ್ಯಾನಲ್ಲಿನಲ್ಲಿ ಬೆಸುಗೆಯ ಜಾಗದಲ್ಲಿ ಕೆಲವೇ ಗ್ರಾಂ ಸೀಸ ಇರುತ್ತದೆ. ಅದೂ ಗಾಜು, ಪ್ಲಾಸ್ಟಿಕ್ ಹಾಳೆಯ ನಡುವೆ ಮುಚ್ಚಿರುತ್ತದೆ. ಸರಿಯಾಗಿರುವ ಪ್ಯಾನಲ್ಲಿನ ಮೇಲೆ ಮಳೆ ಬಿದ್ದರೆ ಸೀಸ ತೊಳೆದು ಬರುವುದಿಲ್ಲ. ಇನ್ನೊಂದು ಜಾತಿಯ ತೆಳುಪದರದ ಪ್ಯಾನಲ್ಲುಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಎರಡರಲ್ಲೂ ಅಪಾಯ ಇರುವುದು ಒಡೆದ ಮೇಲೆ, ಬಿಸಾಡಿದ ಮೇಲೆ, ಸುಟ್ಟ ಮೇಲೆ.

ಆದ್ದರಿಂದ ಒಡೆದ ಪ್ಯಾನಲ್ಲನ್ನು ದನದ ಕೊಟ್ಟಿಗೆಗೆ ಹೊದಿಸಲು ತರಬೇಡಿ, ಕುಂಟೆಗೆ ಹಾಕಬೇಡಿ, ತಾಮ್ರದ ಆಸೆಗೆ ಸುಡಬೇಡಿ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನಲ್ಲೂ ಸೇರಿದೆ. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ಅಧಿಕೃತವಾಗಿ ವಾಪಸು ಪಡೆಯುವವರಿಗೇ ಸೇರಬೇಕು. ಗುತ್ತಿಗೆ ಮುಗಿದು ಜಮೀನು ನಮ್ಮ ಮಕ್ಕಳ ಕೈಗೆ ಬರುವ ದಿನ ಒಂದು ಚೂರೂ ಉಳಿಯದಂತೆ ತೆರವಾಗಬೇಕು. ಅದನ್ನು ನಾವು ಈಗಿನಿಂದಲೇ ಕೇಳುತ್ತಿರಬೇಕು.

ರೈತನ ಮನೆಯಲ್ಲೇ ಇರುವ ಮೂಲಗಳು

ಬ್ಯಾಟರಿ ಬಿಟ್ಟರೆ ಬೇರೆ ದಾರಿಗಳೂ ಇವೆ. ನಾನು ಹುಡುಗನಾಗಿದ್ದಾಗ ನಮ್ಮಪ್ಪ ಕಡಲೆಕಾಯಿ ಬೀಜಕ್ಕೆ ಪಾದರಸದ ಪುಡಿ ಬೆರೆಸಿ, ಡಬ್ಬಿಯನ್ನು ಬಾವಿಕಟ್ಟೆಯ ಮೇಲೆ ತೊಳೆದು ಉಪ್ಪು ತುಂಬಿಡುತ್ತಿದ್ದರು. ಅಂಥದೇ ಪುಡಿ ಬೆರೆಸಿದ ಬಿತ್ತನೆ ಗೋಧಿಯನ್ನು ರೊಟ್ಟಿ ಮಾಡಿ ತಿಂದು ಇರಾಕ್ ದೇಶದಲ್ಲಿ 1971–72ರಲ್ಲಿ 459 ಜನ ಆಸ್ಪತ್ರೆಗಳಲ್ಲಿ ಸತ್ತರು.

ರಂಜಕದ ಗೊಬ್ಬರ ಮಾಡುವ ಕಲ್ಲಿನಲ್ಲಿ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ಒಂದು ವರ್ಷಕ್ಕೆ ಲೆಕ್ಕಕ್ಕಿಲ್ಲ, ಆದರೆ ಮಣ್ಣಿನಿಂದ ಅದು ಹೊರಗೆ ಹೋಗುವುದೂ ಇಲ್ಲ. ಹುಳಿ ಮರಳು ಮಣ್ಣಿನಲ್ಲಿ ಕಡಲೆಕಾಯಿ ಅದನ್ನು ಬೀಜಕ್ಕೆ ಎಳೆದುಕೊಳ್ಳುವ ಬೆಳೆ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದಕ್ಕೆ ಇದೂ ಒಂದು ಕಾರಣ.

ಪಟ್ಟಣದ ಕಸದ ಗೊಬ್ಬರ ಕೊಳ್ಳುವವರು ಪರೀಕ್ಷಾ ವರದಿ ಕೇಳಿ. ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು ಎಂದು ಗೊಬ್ಬರ ನಿಯಂತ್ರಣ ಆದೇಶದಲ್ಲಿದೆ.

ಪಾವಗಡದವರಿಗೆ ಫ್ಲೋರೈಡ್ ಹೊಸದಲ್ಲ. ಅದು ಲೋಹವಲ್ಲ, ನಮ್ಮ ಬಂಡೆಯಿಂದಲೇ ಬರುವುದು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಬಂಡೆಯಿಂದಲೇ ಬರುವ ಇನ್ನೊಂದು ಯುರೇನಿಯಂ. ಅದಕ್ಕೂ 0.03 ಮಿಲಿಗ್ರಾಮಿನ ಮಿತಿ ಇದೆ. ಇವು ನಾವು ಹಾಕಿದ್ದಲ್ಲ. ಬಂಡೆ ಕೊಟ್ಟ ಕಷ್ಟವೇ ಇಷ್ಟಿರುವಾಗ ಮೇಲಿನಿಂದ ನಾವೂ ಒಂದು ಸೇರಿಸುವುದು ಬೇಡ.

ಪರೀಕ್ಷೆ ಮಾಡಿಸುವ ಕ್ರಮ

ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ಸತು, ತಾಮ್ರ ಇದೆ, ಸೀಸ ಇಲ್ಲ. ಊರಲ್ಲಿ ನೀರು ನೋಡುವ ಸಣ್ಣ ಕಿಟ್ಟು ಫ್ಲೋರೈಡ್, ನೈಟ್ರೇಟ್ ಮುಂತಾದ್ದಕ್ಕೆ ಆಗುತ್ತದೆ. ಸೀಸಕ್ಕೆ ದೊಡ್ಡ ಯಂತ್ರ ಇರುವ ಪ್ರಯೋಗಾಲಯವೇ ಬೇಕು. ಅರ್ಜಿಯಲ್ಲಿ "ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್" ಎಂದು ಹೆಸರು ಹಿಡಿದು ಬರೆಯಿರಿ. "ನೀರು ಪರೀಕ್ಷೆ" ಎಂದಷ್ಟೇ ಬರೆದರೆ ಇವನ್ನು ನೋಡದೆಯೇ "ಯೋಗ್ಯ" ಎಂದು ಬರಬಹುದು.

ನೀರಿಗೆ: ಬಾಟಲಿಯನ್ನು ಪ್ರಯೋಗಾಲಯದಿಂದಲೇ ತನ್ನಿ. ಲೋಹ ಬಾಟಲಿಯ ಗೋಡೆಗೆ ಅಂಟದಂತೆ ಅವರು ಆಸಿಡ್ ಹಾಕಿ ಕೊಡುತ್ತಾರೆ, ಅದನ್ನು ತೊಳೆಯಬೇಡಿ. ಮೋಟಾರು ಹತ್ತು ನಿಮಿಷ ಓಡಿದ ಮೇಲೆ ಹಿಡಿಯಿರಿ. ಬೇಸಿಗೆಯಲ್ಲಿ ಒಮ್ಮೆ, ಜೋರು ಮಳೆ ಆದ ಮೇಲೆ ಒಮ್ಮೆ ಮಾಡಿಸಿ. ಮೇಲಿನ ನೀರು ಬೋರಿಗೆ ಇಳಿಯುತ್ತಿದ್ದರೆ ಮಳೆಯ ಮೇಲೆ ಗೊತ್ತಾಗುತ್ತದೆ.

ಮಣ್ಣಿಗೆ: ತಗಡಿನ ಡಬ್ಬಿ ಬೇಡ, ಮರದ ಕಡ್ಡಿ, ಪ್ಲಾಸ್ಟಿಕ್ ಚೀಲ ಸಾಕು. ಅನುಮಾನದ ಜಾಗದಲ್ಲಿ ಐದು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ ಒಂದು ಮಾದರಿ ಮಾಡಿ. ಅರ್ಧ ಅಡಿಯಿಂದ ಒಂದು ಅಡಿಯವರೆಗೆ ಎರಡನೆಯದು, ಒಂದರಿಂದ ಎರಡು ಅಡಿಯವರೆಗೆ ಮೂರನೆಯದು. ಇವು ಒಂದಕ್ಕೊಂದು ಬೆರೆಯಬಾರದು. ಇಳಿಜಾರಿನ ಮೇಲ್ಗಡೆ, ದೂರದ ಹೊಲದ್ದು ಒಂದು ಮಾದರಿ ಹೋಲಿಕೆಗೆ ಬೇಕೇ ಬೇಕು. ಲೋಹ ಎಷ್ಟು ಆಳಕ್ಕೆ ಇಳಿದಿದೆ ಎಂದು ಇದರಿಂದ ತಿಳಿಯುತ್ತದೆ.

ನನ್ನ ವರದಿಯಲ್ಲಿ ಮರದ ಕೆಳಗಿನ ಮೇಲ್ಮಣ್ಣಿನಲ್ಲಿ ದೂರದ ಹೊಲಕ್ಕಿಂತ ಹತ್ತಾರು ಪಟ್ಟು ಸೀಸ ಇತ್ತು. ಎರಡು ಅಡಿ ಆಳದಲ್ಲಿ ಬಹಳ ಕಮ್ಮಿ. ಬೇಸಿಗೆಯ ನೀರಿನಲ್ಲಿ ಸೀಸ ಮಿತಿಯೊಳಗೆ ಇತ್ತು, ಮಳೆಯ ನಂತರದ ನೀರಿನಲ್ಲಿ ಮಿತಿ ದಾಟಿತ್ತು. ಇಂಗುಗುಂಡಿಯೇ ದಾರಿ ಎಂದು ಸ್ಪಷ್ಟವಾಯಿತು. ಮಗುವಿನ ಮೈಗೆ ಹೆಚ್ಚಾಗಿ ಹೋದದ್ದು ಧೂಳಿನಿಂದ, ಮಣ್ಣು ಮೆತ್ತಿದ ಹಣ್ಣಿನಿಂದ ಇರಬೇಕು ಎಂದರು ಡಾಕ್ಟರು.

ನಾವು ಮಾಡಿದ್ದು

ಕೆಲಸ ಅಂದೇ ನಿಲ್ಲಿಸಿದೆವು. ಕುಡಿಯಲು ಆ ಬೋರಿನ ನೀರು ಬಿಡುವುದನ್ನೂ ನಿಲ್ಲಿಸಿ, ಕಾರಣವನ್ನು ಕೇರಿಯವರ ಮುಂದೆ ನಾನೇ ಹೇಳಿದೆ. ಬೈದರು. ಬೈಸಿಕೊಂಡೆ.

ಇಂಗುಗುಂಡಿಯ ಕಲ್ಲು, ಜಲ್ಲಿ ತೆಗೆದು ಕೆರೆಯ ಗೋಡು ಜೇಡಿ ತುಂಬಿ ಗಟ್ಟಿಯಾಗಿ ದಮ್ಮಸ್ಸು ಮಾಡಿದೆವು. ಕೇಸಿಂಗ್ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಟ್ಟೆವು. ಹುಣಸೆಮರದ ಸುತ್ತ ಬದು ಹಾಕಿ ಅಲ್ಲಿನ ನೀರು ಆಚೆ ಹೋಗದಂತೆ, ಆಚೆಯ ನೀರು ಒಳಗೆ ಬರದಂತೆ ಮಾಡಿದೆವು.

ಕೆಟ್ಟ ಮಣ್ಣನ್ನು ಅಗೆದು ಹಳ್ಳಕ್ಕೆ ಎಸೆಯುವುದು ಸುಲಭ. ಆದರೆ ಕೆಳಗಿನ ಊರವರೂ ಆ ನೀರು ಕುಡಿಯುವವರೇ. ಎಸೆಯಲಿಲ್ಲ. ಚೂರು, ಬೂದಿ, ಗುಂಡಿಯ ಕಲ್ಲನ್ನು ನೀರು ಚಿಮುಕಿಸಿ ಧೂಳು ಏಳದಂತೆ ಒಂದೆಡೆ ಕೂಡಿಸಿ, ಕೆಳಗೂ ಮೇಲೂ ದಪ್ಪ ಟಾರ್ಪಾಲಿನ್ ಹಾಕಿ, ಸಾಗಿಸುವ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದಿದ್ದೇವೆ. ಉಳಿದ ನೆಲಕ್ಕೆ ಸುಣ್ಣ, ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೆ ಒಂದು ಅಡಿ ಒಳ್ಳೆಯ ಮಣ್ಣು ಹೊದಿಸಿ ಗರಿಕೆ ನೆಟ್ಟೆವು. ಸುಣ್ಣ ಹುಳಿಯನ್ನು ಮುರಿದು ಸೀಸ, ಕ್ಯಾಡ್ಮಿಯಂ ಅಲುಗದಂತೆ ಕಟ್ಟುತ್ತದೆ. ಎಚ್ಚರಿಕೆ: ಆರ್ಸೆನಿಕ್ ಇರುವ ಮಣ್ಣಿಗೆ ಸುಣ್ಣ, ರಂಜಕ ಹಾಕಿದರೆ ಅದು ಬಿಟ್ಟುಕೊಂಡು ನೀರಿಗೆ ಇಳಿಯಬಹುದು. ಯಾವ ಲೋಹ ಎಂದು ತಿಳಿಯದೆ ಮದ್ದು ಮಾಡಬೇಡಿ.

ನೀರು ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ಆರ್.ಓ. ಯಂತ್ರ ಬಹುಪಾಲು ತೆಗೆಯುತ್ತದೆ. ಆದರೆ ತೆಗೆದದ್ದು ಅದು ಹೊರಬಿಡುವ ಕೆಟ್ಟ ನೀರಿನಲ್ಲಿ ಇರುತ್ತದೆ. ಆ ಪೈಪು ಎಲ್ಲಿಗೆ ಬಿದ್ದಿದೆ ಎಂದು ನಿಮ್ಮೂರಲ್ಲಿ ಹೋಗಿ ನೋಡಿ. ಬೋರಿನ ಬುಡಕ್ಕೇ ಬಿಟ್ಟಿದ್ದರೆ ತಿರುಗಿ ಅಲ್ಲಿಗೇ ಬಂತು.

ಮೊಮ್ಮಗಳಿಗೆ ಡಾಕ್ಟರು ಹೇಳಿದ್ದು ಮುಖ್ಯವಾಗಿ ಒಂದೇ: ಮೂಲದಿಂದ ದೂರ ಇಡಿ. ಊಟಕ್ಕೆ ಮುಂಚೆ ಕೈ ತೊಳೆಸುತ್ತೇವೆ. ಮನೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ರಾಗಿ, ಹಾಲು, ಸೊಪ್ಪು, ಕಾಳು ತಪ್ಪಿಸುವುದಿಲ್ಲ. ಸುಣ್ಣ, ಕಬ್ಬಿಣದ ಅಂಶ ಸಾಕಷ್ಟಿದ್ದರೆ ಹೊಟ್ಟೆ ಸೀಸವನ್ನು ಕಮ್ಮಿ ಹೀರುತ್ತದೆ. ರಾಗಿ ಮದ್ದಲ್ಲ, ಒಂದು ತಡೆ ಅಷ್ಟೆ. ಎಂಟು ತಿಂಗಳ ಮೇಲೆ ನೋಡಿಸಿದಾಗ ರಕ್ತದಲ್ಲಿ ಸೀಸ ಇಳಿದಿತ್ತು, ಇನ್ನೂ ಪೂರ್ತಿ ಹೋಗಿಲ್ಲ. ಶಾಲೆಯಲ್ಲಿ ಲೆಕ್ಕ ತಪ್ಪಿದಾಗಲೆಲ್ಲ, ಮಕ್ಕಳು ತಪ್ಪುವುದು ಸಹಜವೋ ಅಥವಾ ಇದು ನನ್ನಿಂದಾದದ್ದೋ ಎಂದು ಮನಸ್ಸು ಕೇಳುತ್ತದೆ. ಉತ್ತರ ಯಾರಿಗೂ ಗೊತ್ತಿಲ್ಲ.

ಬಾಮೈದನ ರಕ್ತದಲ್ಲಿ ಅವಳಿಗಿಂತ ಹೆಚ್ಚಿತ್ತು. ಈಗ ನನ್ನ ಮೂರು ಎಕರೆಯನ್ನು ಇಬ್ಬರೂ ಸೇರಿ ಮಾಡುತ್ತೇವೆ, ಹತ್ತು ಕುರಿ ತಂದುಕೊಟ್ಟಿದ್ದೇನೆ. ಮೊದಲೇ ಹೀಗೆ ಮಾಡಬಹುದಿತ್ತು.

ಹುಣಸೆಮರದ ಕೆಳಗೆ ಈಗ ಗರಿಕೆ ಹಸಿರಾಗಿದೆ. ಆದರೂ ಅಲ್ಲಿ ಕುರಿ ಬಿಡುವುದಿಲ್ಲ, ಹಣ್ಣು ಆಯುವುದಿಲ್ಲ. ಬೋರಿನ ನೀರನ್ನು ಈ ಮಳೆಗಾಲದ ಮೇಲೂ ಪರೀಕ್ಷೆಗೆ ಕಳಿಸುತ್ತೇನೆ. ಎರಡು ಮಳೆಗಾಲ ಸತತವಾಗಿ ಮಿತಿಯೊಳಗೆ ಬಂದರೆ ಮಾತ್ರ ಕೇರಿಗೆ ಮತ್ತೆ ಬಿಡುವುದು.

ಓದಿದವರು ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಕುಡಿಯುವ ನೀರಿನ ಬೋರಿನ ಸುತ್ತ ಐವತ್ತು ಹೆಜ್ಜೆ ಒಂದು ಸುತ್ತು ಹಾಕಿ. ಸತ್ತ ಬ್ಯಾಟರಿ, ಔಷಧಿ ಡಬ್ಬಿ, ಗುಜರಿ, ಬಾಯಿ ತೆರೆದ ಹಳೆ ಬೋರು, ಹುಲ್ಲು ಹುಟ್ಟದ ನೆಲ ಇದೆಯೇ ನೋಡಿ. ಮಳೆ ಬಂದರೆ ಆ ನೀರು ಯಾವ ಕಡೆ ಹರಿಯುತ್ತದೆ ಎಂದು ನಿಂತು ಯೋಚಿಸಿ. ಇದಕ್ಕೆ ಕಾಸು ಖರ್ಚಿಲ್ಲ.